365 ದಿನ, ಆಮೇಲೆ ಎಷ್ಟು?

(ವಿಜ್ಞಾನದಲ್ಲಿ ಆಸಕ್ತಿ ಇರುವವರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಹಲಗೆಯ ಮೇಲೆ ಹಾಕಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಹಲಗೆಯ ಮೇಲೆ ನಾಲ್ಕು ಸಾಲು ಬರೆಯುತ್ತೇನೆ. ಸೂರ್ಯ ದಕ್ಷಿಣದಿಂದ ಉತ್ತರಕ್ಕೆ ಬರುವಾಗ ಸಮಭಾಜಕವನ್ನು ದಾಟುವ ಗಳಿಗೆ ಇದೆಯಲ್ಲ, ವಸಂತ ವಿಷುವ, ಅದರ ಸಮಯ ಇದು. ನಮ್ಮ ಗಡಿಯಾರದ ಪ್ರಕಾರ.

2023: ಮಾರ್ಚ್ 21, ನಸುಕಿನ 2:54
2024: ಮಾರ್ಚ್ 20, ಬೆಳಗ್ಗೆ 8:36
2025: ಮಾರ್ಚ್ 20, ಮಧ್ಯಾಹ್ನ 2:31
2026: ಮಾರ್ಚ್ 20, ರಾತ್ರಿ 8:16

ಈಗ ಒಂದರಿಂದ ಇನ್ನೊಂದನ್ನು ಕಳೆಯಿರಿ. ಮೊದಲ ವರ್ಷ 365 ದಿನ 5 ಗಂಟೆ 42 ನಿಮಿಷ. ಎರಡನೆಯದು 365 ದಿನ 5 ಗಂಟೆ 55 ನಿಮಿಷ. ಮೂರನೆಯದು 365 ದಿನ 5 ಗಂಟೆ 45 ನಿಮಿಷ. ಮೂರು ವರ್ಷ, ಮೂರು ಉದ್ದ! 13 ನಿಮಿಷದವರೆಗೆ ವ್ಯತ್ಯಾಸ. ಆದರೆ ಪುಸ್ತಕ ತೆಗೆದು ನೋಡಿದರೆ ವರ್ಷದ ಉದ್ದ 365 ದಿನ 5 ಗಂಟೆ 48 ನಿಮಿಷ 45 ಸೆಕೆಂಡು ಅಂತ ಖಚಿತವಾಗಿ ಬರೆದಿರುತ್ತದೆ. ಸೆಕೆಂಡಿನವರೆಗೆ! ಇದು ಎಲ್ಲಿಂದ ಬಂತು? ಯಾರು ಅಳೆದರು? ಇವತ್ತಿನ ಮಾತು ಪೂರ್ತಿ ಇದರ ಮೇಲೆ.

ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಒಂದು ವರ್ಷವನ್ನು ನೋಡಿ ಯಾರೂ ವರ್ಷದ ಉದ್ದ ಅಳೆದಿಲ್ಲ. ನೂರಾರು ವರ್ಷ ಹಿಂದಿನವರು ಬರೆದಿಟ್ಟದ್ದನ್ನು ಕೈಯಲ್ಲಿ ಹಿಡಿದುಕೊಂಡೇ ಅಳೆದಿದ್ದಾರೆ.

ಯಾಕೆ ಹಾಗೆ ಅಂತ ತಿಳಿಯೋಕೆ ಒಂದು ಕೋಲು ಸಾಕು. ಬೆಂಗಳೂರಿನಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ವಿಷುವದ ದಿನ ಸೂರ್ಯ ನೆತ್ತಿಗೆ ಅತಿ ಹತ್ತಿರ ಬಂದಾಗ ನೆರಳು ಸುಮಾರು 23 ಸೆಂಟಿಮೀಟರ್ ಇರುತ್ತದೆ. ಬೆಂಗಳೂರು ಸಮಭಾಜಕದಿಂದ 13 ಡಿಗ್ರಿ ಉತ್ತರದಲ್ಲಿದೆ, ಅದಕ್ಕೇ ಈ ಅಳತೆ. ಮಾರನೆಯ ದಿನ ನೆರಳು ಎಷ್ಟು ಗಿಡ್ಡವಾಗುತ್ತದೆ ಗೊತ್ತಾ? 7 ಮಿಲಿಮೀಟರ್. ಅಷ್ಟೇ. ಅಂದರೆ ನೆರಳಿನ ತುದಿಯನ್ನು ಒಂದು ಮಿಲಿಮೀಟರ್ ತಪ್ಪಿಲ್ಲದೆ ಗುರುತಿಸಿದರೂ ನಿಮ್ಮ ವಿಷುವ ಮೂರು ಗಂಟೆಗೂ ಜಾಸ್ತಿ ಆಚೀಚೆ ಆಗುತ್ತದೆ.

ಅದರಲ್ಲೂ ನೆರಳಿನ ತುದಿ ಗೆರೆ ಎಳೆದ ಹಾಗೆ ಇರುವುದಿಲ್ಲ. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ನೆರಳಿನ ತುದಿ ಸುಮಾರು 9 ಮಿಲಿಮೀಟರಿನಷ್ಟು ಅಗಲಕ್ಕೆ ಮಸುಕಾಗಿ ಹರಡಿರುತ್ತದೆ. ಒಂದು ದಿನದ ಬದಲಾವಣೆ 7, ಮಸುಕು 9. ಕೋಲನ್ನು ಹತ್ತು ಮೀಟರ್ ಮಾಡಿದರೂ ಉಪಯೋಗವಿಲ್ಲ, ಬದಲಾವಣೆಯ ಜೊತೆಗೆ ಮಸುಕೂ ಹತ್ತು ಪಟ್ಟು ಆಗುತ್ತದೆ.

ಇದು ಸುಲಭದ ದಿನದ ಕಥೆ. ವಿಷುವದ ಹೊತ್ತಿಗೆ ಸೂರ್ಯ ಉತ್ತರ-ದಕ್ಷಿಣವಾಗಿ ಅತಿ ವೇಗದಲ್ಲಿ ಸರಿಯುತ್ತಿರುತ್ತಾನೆ, ದಿನಕ್ಕೆ ಒಂದು ಡಿಗ್ರಿಯಲ್ಲಿ ಹತ್ತಿರಹತ್ತಿರ ಅರ್ಧ. ಉತ್ತರಾಯಣ ಅಥವಾ ದಕ್ಷಿಣಾಯನ ಶುರುವಾಗುವ ದಿನ ಹಾಗಲ್ಲ. ಅವತ್ತು ಸೂರ್ಯ ತಿರುಗುತ್ತಿರುತ್ತಾನೆ. ಅವತ್ತಿಗೂ ಮಾರನೆಯ ದಿನಕ್ಕೂ ಇರುವ ವ್ಯತ್ಯಾಸ ಒಂದು ಡಿಗ್ರಿಯ ಸುಮಾರು 270ನೇ ಒಂದು ಭಾಗ, ಅಷ್ಟೇ. ಬರಿಗಣ್ಣಿಗೆ ವಾರಗಟ್ಟಲೆ ನೆರಳು ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ.

ಹಾಗಾದರೆ ಏನು ಮಾಡುವುದು? ಒಂದು ಹಾಳೆಯ ದಪ್ಪವನ್ನು ಸ್ಕೇಲ್ ಇಟ್ಟು ಅಳೆಯೋಕೆ ಆಗಲ್ಲ. ಐನೂರು ಹಾಳೆಯ ಕಟ್ಟು ಅಳೆದು ಐನೂರರಿಂದ ಭಾಗಿಸಿದರೆ ಆಗುತ್ತದೆ. ವರ್ಷಕ್ಕೂ ಅದೇ ಉಪಾಯ. ಇವತ್ತಿನ ವಿಷುವವನ್ನು ಆರು ಗಂಟೆ ತಪ್ಪಾಗಿಯೇ ಅಳೆಯಿರಿ, ಪರವಾಗಿಲ್ಲ. 300 ವರ್ಷ ಹಿಂದೆ ಯಾರೋ ಅಷ್ಟೇ ತಪ್ಪಿನಿಂದ ಅಳೆದಿಟ್ಟಿದ್ದರೆ, ಎರಡರ ತಪ್ಪು ಸೇರಿ ಹೆಚ್ಚೆಂದರೆ 12 ಗಂಟೆ. ಅದನ್ನು 300 ವರ್ಷಕ್ಕೆ ಹಂಚಿ. ವರ್ಷಕ್ಕೆ ಬರೀ ಎರಡೂವರೆ ನಿಮಿಷದ ತಪ್ಪು ಉಳಿಯುತ್ತದೆ. ಒಳ್ಳೆಯ ಉಪಕರಣ ಬೇಕು ನಿಜ, ಆದರೆ ಅದಕ್ಕಿಂತ ಜಾಸ್ತಿ ಹಳೆಯ ದಾಖಲೆ ಬೇಕು.

ಇದನ್ನು ಚೆನ್ನಾಗಿ ಅರಿತಿದ್ದವನು ಗ್ರೀಕರ ಖಗೋಳಜ್ಞ ಹಿಪಾರ್ಕಸ್. ಕ್ರಿಸ್ತಪೂರ್ವ ಎರಡನೇ ಶತಮಾನದವನು, ರೋಡ್ಸ್ ದ್ವೀಪದಲ್ಲಿ ಕೆಲಸ ಮಾಡಿದವನು. ಕ್ರಿ.ಪೂ. 280ರ ಬೇಸಿಗೆಯಲ್ಲಿ ದಕ್ಷಿಣಾಯನ ಶುರುವಾದ ಗಳಿಗೆಯನ್ನು ಅರಿಸ್ಟಾರ್ಕಸ್ ಗುರುತಿಸಿದ್ದ. ಕ್ರಿ.ಪೂ. 135ರಲ್ಲಿ ಹಿಪಾರ್ಕಸ್ ತಾನೇ ಅದನ್ನು ಗಮನಿಸಿದ. ನಡುವೆ 145 ವರ್ಷ. ವರ್ಷ ಸರಿಯಾಗಿ 365 ಕಾಲು ದಿನ ಇದ್ದಿದ್ದರೆ ಬರಬೇಕಾದ ಹೊತ್ತಿಗಿಂತ ಅರ್ಧ ದಿನ ಮುಂಚೆಯೇ ಆ ಗಳಿಗೆ ಬಂದಿತ್ತು. 145 ವರ್ಷಕ್ಕೆ ಅರ್ಧ ದಿನ ಅಂದರೆ ಸುಮಾರು 300 ವರ್ಷಕ್ಕೆ ಒಂದು ದಿನ. ಹಾಗಾಗಿ ವರ್ಷ ಅಂದರೆ 365 ಕಾಲು ದಿನದಲ್ಲಿ ಒಂದು ದಿನದ 300ನೇ ಒಂದು ಭಾಗ ಕಡಿಮೆ ಅಂದ. 365 ದಿನ 5 ಗಂಟೆ 55 ನಿಮಿಷ 12 ಸೆಕೆಂಡು. ನಿಜವಾದ ಉದ್ದಕ್ಕಿಂತ ಆರೂವರೆ ನಿಮಿಷ ಜಾಸ್ತಿ. ಆ ಆರೂವರೆ ನಿಮಿಷವನ್ನು 145ರಿಂದ ಗುಣಿಸಿ ನೋಡಿ. ಎರಡು ವೀಕ್ಷಣೆಗಳ ತಪ್ಪು ಸೇರಿ ಸುಮಾರು 16 ಗಂಟೆ ಅಂತ ಬರುತ್ತದೆ. ಸೂರ್ಯ ನಿಂತ ಹಾಗೆ ಕಾಣುವ ದಿನಗಳಲ್ಲಿ, ಟೆಲಿಸ್ಕೋಪ್ ಇಲ್ಲದೆ, ಇಷ್ಟು ಹತ್ತಿರ ಬಂದದ್ದು ಬಹಳ ದೊಡ್ಡ ಮಾತು.

ವಿಷುವ ಹಿಡಿಯೋಕೆ ಆ ಕಾಲದಲ್ಲಿ ಒಂದು ಸೊಗಸಾದ ಸಾಧನ ಇತ್ತು. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಪಟ್ಟಣದ ಸಾರ್ವಜನಿಕ ಜಾಗದಲ್ಲೇ ಅದನ್ನು ನಿಲ್ಲಿಸಿದ್ದರು. ಕಂಚಿನ ದೊಡ್ಡ ಬಳೆ. ಅದನ್ನು ಸಮಭಾಜಕಕ್ಕೆ ಸಮಾನಾಂತರವಾಗಿ ಓರೆಯಾಗಿ ಕೂರಿಸಿದ್ದರು. ವರ್ಷದ ಅರ್ಧ ಕಾಲ ಬಳೆಯ ಮೇಲಿನ ಮೈಗೆ ಬಿಸಿಲು, ಇನ್ನರ್ಧ ಕೆಳಗಿನ ಮೈಗೆ. ಸೂರ್ಯ ಸರಿಯಾಗಿ ಸಮಭಾಜಕದ ಮೇಲೆ ಬಂದಾಗ ಬಳೆಯ ಮುಂದಿನ ಅಂಚಿನ ನೆರಳು ಹಿಂದಿನ ಅಂಚಿನ ಒಳಮೈ ಮೇಲೆ ನಟ್ಟನಡುವೆ ಬೀಳುತ್ತದೆ. ಲೆಕ್ಕ ಬೇಡ, ಕೋನ ಬೇಡ, ಸುಮ್ನೆ ನಿಂತು ನೋಡಿದರೆ ಸಾಕು. ತೊಂದರೆ ಏನೆಂದರೆ, ಹಳೆಯ ಬಳೆಗಳು ಒಮ್ಮೊಮ್ಮೆ ಒಂದೇ ದಿನದಲ್ಲಿ ಎರಡು ಸಲ ವಿಷುವ ತೋರಿಸುತ್ತಿದ್ದವು! ಅಲೆಕ್ಸಾಂಡ್ರಿಯಾದ ಖಗೋಳಜ್ಞ ಟಾಲೆಮಿ ಇದನ್ನು ಬರೆದಿಟ್ಟಿದ್ದಾನೆ. ಬಳೆ ಕಾಲಾಂತರದಲ್ಲಿ ಸ್ವಲ್ಪ ವಾಲಿದೆ ಅಂತ ಅವನು ಭಾವಿಸಿದ. ಅದೂ ಇರಬಹುದು. ಇನ್ನೊಂದು ಕಾರಣವೂ ಇದೆ. ಬೆಳಗ್ಗೆ ಸೂರ್ಯ ದಿಗಂತದ ಹತ್ತಿರ ಇರುವಾಗ ಗಾಳಿ ಬೆಳಕನ್ನು ಬಗ್ಗಿಸುತ್ತದೆ. ಸೂರ್ಯ ಇರುವ ಜಾಗಕ್ಕಿಂತ ಅರ್ಧ ಡಿಗ್ರಿಯಷ್ಟು ಮೇಲೆ ಕಾಣುತ್ತಾನೆ. ಇನ್ನೂ ಸಮಭಾಜಕ ದಾಟದವನು ಆಗಲೇ ದಾಟಿದ ಹಾಗೆ ಕಾಣುತ್ತಾನೆ. ಹೊತ್ತು ಏರಿದ ಮೇಲೆ ನಿಜವಾಗಿ ದಾಟುತ್ತಾನೆ. ಎರಡು ವಿಷುವ.

ಟಾಲೆಮಿಯ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲೋಣ. ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಹಿಪಾರ್ಕಸ್ ಆಗಿ 285 ವರ್ಷದ ಮೇಲೆ, ಕ್ರಿ.ಶ. 139ರಲ್ಲಿ, ಟಾಲೆಮಿ ಅಲೆಕ್ಸಾಂಡ್ರಿಯಾದಲ್ಲಿ ಶರತ್ಕಾಲದ ವಿಷುವ ಗಮನಿಸಿದ್ದಾಗಿ ಬರೆದ. ಬಹಳ ಎಚ್ಚರಿಕೆಯಿಂದ ನೋಡಿದ್ದೇನೆ ಅಂದ. ಹಿಪಾರ್ಕಸನ ವೀಕ್ಷಣೆಯ ಜೊತೆ ಹೋಲಿಸಿದ. ಉತ್ತರ ಹಿಪಾರ್ಕಸ್ ಹೇಳಿದ್ದಕ್ಕೇ ಸರಿಯಾಗಿ ಹೊಂದಿತು, ಅದೇ 300ನೇ ಒಂದು ಭಾಗ.

ಹೊಂದಬಾರದಿತ್ತು. ಹಿಪಾರ್ಕಸನ ವರ್ಷ ಆರೂವರೆ ನಿಮಿಷ ತಪ್ಪು ಅಂತ ನಮಗೀಗ ಗೊತ್ತು. 285 ವರ್ಷಕ್ಕೆ ಅದು 30 ಗಂಟೆ ಆಗುತ್ತದೆ. ಟಾಲೆಮಿ ನಿಜವಾಗಿ ನೋಡಿದ್ದರೆ ಈ 30 ಗಂಟೆ ಅವನ ಕಣ್ಣಿಗೆ ಬೀಳಬೇಕಿತ್ತು. ಅವನು ಕೊಟ್ಟ ಸಮಯ ನಿಜವಾದ ವಿಷುವಕ್ಕಿಂತ ಒಂದು ದಿನಕ್ಕೂ ಜಾಸ್ತಿ ತಡ. ಹಿಪಾರ್ಕಸನ ವರ್ಷವನ್ನು ನಂಬಿ ಮುಂದಕ್ಕೆ ಲೆಕ್ಕ ಹಾಕಿ, ಅದನ್ನೇ ನೋಡಿದೆ ಅಂತ ಬರೆದನೇ? ಹಲವು ಇತಿಹಾಸಕಾರರಿಗೆ ಆ ಗುಮಾನಿ ಇದೆ. ಉಪಕರಣ ತಪ್ಪಾಗಿ ಕೂತಿತ್ತು, ಬಂದ ಉತ್ತರಗಳಲ್ಲಿ ಹಿರಿಯನ ಲೆಕ್ಕಕ್ಕೆ ಹೊಂದಿದ್ದನ್ನು ಆರಿಸಿಕೊಂಡ ಅನ್ನುವವರೂ ಇದ್ದಾರೆ. ಏನೇ ಇರಲಿ, ಅದರ ಪೆಟ್ಟು ಬಿದ್ದದ್ದು 743 ವರ್ಷದ ಮೇಲೆ ಇನ್ನೊಬ್ಬರಿಗೆ.

ಅವರು ಅಲ್-ಬತ್ತಾನಿ. ಈಗಿನ ಸಿರಿಯಾದಲ್ಲಿ, ಯೂಫ್ರಟಿಸ್ ನದಿ ದಂಡೆಯ ರಕ್ಕಾ ಊರಿನಲ್ಲಿ ಕೂತು 882ರಲ್ಲಿ ವಿಷುವ ಅಳೆದರು. ಅವರ ಅಳತೆ ಚೆನ್ನಾಗಿತ್ತು. ಹೋಲಿಸೋಕೆ ಹಳೆಯ ದಾಖಲೆ ಬೇಕಲ್ಲ, ಟಾಲೆಮಿಯ 139ರ ವಿಷುವ ತೆಗೆದುಕೊಂಡರು. ಬಂದ ವರ್ಷದ ಉದ್ದ 365 ದಿನ 5 ಗಂಟೆ 46 ನಿಮಿಷ 24 ಸೆಕೆಂಡು. 2 ನಿಮಿಷ 21 ಸೆಕೆಂಡು ಕಡಿಮೆ. ಈ ಕೊರತೆಯನ್ನು 743ರಿಂದ ಗುಣಿಸಿ. 29 ಗಂಟೆ! ಟಾಲೆಮಿ ತಡವಾಗಿ ತೋರಿಸಿದ ಆ ಒಂದು ದಿನ ಚಿಲ್ಲರೆ ಹೊತ್ತು ಇಲ್ಲಿ ಹಾಗೇ ಸಿಕ್ಕಿಬಿಡುತ್ತದೆ. ಅಂದರೆ ಬತ್ತಾನಿಯವರ ತಪ್ಪಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಟಾಲೆಮಿಯದ್ದು. ತಮ್ಮ ಕೆಲಸ ಸರಿಯಾಗಿ ಮಾಡಿದ ಮನುಷ್ಯ, ಏಳು ಶತಮಾನ ಹಿಂದಿನ ಒಂದು ಸಾಲನ್ನು ನಂಬಿ ತಪ್ಪು ಉತ್ತರಕ್ಕೆ ಬಂದರು. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು, ಹೊಂದಲಿ ಹೊಂದದಿರಲಿ ಅಂತ ನಾವು ಮಕ್ಕಳಿಗೆ ಹೇಳುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಚೀನಾದಲ್ಲಿ ಇದೇ ಕೆಲಸ ಬೇರೆ ದಾರಿಯಲ್ಲಿ ನಡೆಯಿತು, ಮತ್ತು ಅದ್ಭುತವಾಗಿ ನಡೆಯಿತು. ಅವರ ಲೆಕ್ಕ ಚಳಿಗಾಲದ ಉತ್ತರಾಯಣ ಬಿಂದುವಿನಿಂದ ಶುರು. ಅವತ್ತು ನೆರಳು ಅಲ್ಲಾಡುವುದೇ ಇಲ್ಲ ಅಂದೆನಲ್ಲ? 461ರಲ್ಲಿ ಜು ಚೊಂಗ್‌ಜಿ ಅದಕ್ಕೊಂದು ದಾರಿ ಮಾಡಿದ. ಆ ದಿನವನ್ನು ನೋಡುವುದೇ ಬೇಡ ಅಂದ. ಮೂರು ವಾರ ಮುಂಚೆ ಒಂದು ಮಧ್ಯಾಹ್ನ ನೆರಳು ಅಳೆದ. 8 ಚಿ ಎತ್ತರದ ಕಂಬ, ಚಿ ಅನ್ನುವುದು ಅವರ ಅಡಿ. ನೆರಳು 10.775 ಚಿ. ಆಮೇಲೆ ನೆರಳು ಉದ್ದವಾಗುತ್ತಾ ಹೋಗಿ, ತುದಿ ಮುಟ್ಟಿ, ಮತ್ತೆ ಗಿಡ್ಡವಾಗುತ್ತಾ ಬರಬೇಕು. ಮತ್ತೆ ಅದೇ ಅಳತೆಗೆ ಯಾವಾಗ ಬರುತ್ತದೆ ಅಂತ ಕಾದ. 45ನೇ ದಿನ ನೆರಳು 10.775ಕ್ಕಿಂತ ಒಂದು ಕೂದಲು ಜಾಸ್ತಿ ಇತ್ತು, 46ನೇ ದಿನ ಒಂದು ಕೂದಲು ಕಡಿಮೆ. ಹಾಗಾದರೆ ಸರಿಸಮ ಆಗುವ ಗಳಿಗೆ ಎರಡು ಮಧ್ಯಾಹ್ನಗಳ ನಡುವೆ ಎಲ್ಲೋ ಇದೆ. ತ್ರೈರಾಶಿ ಹಾಕಿದರೆ 45 ದಿನ ಮತ್ತು ಹತ್ತಿರಹತ್ತಿರ ಮೂರನೇ ಎರಡು ಭಾಗ. ಅದರ ಅರ್ಧವೇ ಉತ್ತರಾಯಣದ ಗಳಿಗೆ. ಮೂರು ವಾರ ದೂರದಲ್ಲಿ ನೆರಳು ದಿನಕ್ಕೆ ಒಂದೂವರೆ ಸೆಂಟಿಮೀಟರಿನಷ್ಟು ಸರಿಯುತ್ತಿರುತ್ತದೆ, ಅದನ್ನು ಅಳೆಯಬಹುದು. ಕಾಣದ ಗಳಿಗೆಯನ್ನು ಎರಡೂ ಕಡೆಯಿಂದ ಸಮನಾಗಿ ಹಿಡಿದು ನಡುವೆ ಸಿಕ್ಕಿಸಿದ. ಅವನು ಕೊಟ್ಟ ವರ್ಷದ ಉದ್ದ 365.2428 ದಿನ. ಒಂದು ನಿಮಿಷವೂ ತಪ್ಪಿಲ್ಲ.

ಇದೇ ದಾಖಲೆ ಎಂಟು ಶತಮಾನದ ಮೇಲೆ ಫಲ ಕೊಟ್ಟಿತು. ಕುಬ್ಲಾಯ್ ಖಾನನ ಕಾಲದಲ್ಲಿ ಗುವೊ ಶೌಜಿಂಗ್ ಹೊಸ ಪಂಚಾಂಗ ಮಾಡುವ ತಂಡದಲ್ಲಿದ್ದ. ಕಂಬವನ್ನು ಐದು ಪಟ್ಟು ಮಾಡಿದ, 40 ಚಿ. ಹೆನಾನ್ ಪ್ರಾಂತ್ಯದ ಡೆಂಗ್‌ಫೆಂಗ್ ಹತ್ತಿರ ಅವನ ಕಾಲದ ವೀಕ್ಷಣಾ ಕಟ್ಟಡ ಇವತ್ತಿಗೂ ಇದೆ. ನೆರಳು ಅಳೆಯುವ ಕಲ್ಲಿನ ಹಾಸೇ 31 ಮೀಟರ್ ಉದ್ದ. ಎತ್ತರ ಹೆಚ್ಚಿಸಿದರೆ ಮಸುಕೂ ಹೆಚ್ಚುತ್ತದೆ ಅಂದೆನಲ್ಲ, ಅದಕ್ಕೂ ಮದ್ದು ಕಂಡುಕೊಂಡಿದ್ದ. ಮೇಲೆ ಒಂದು ಅಡ್ಡ ಕಂಬಿ. ಕೆಳಗೆ ಹಾಸಿನ ಮೇಲೆ ಸಣ್ಣ ತೂತಿರುವ ಒಂದು ತಗಡು. ತೂತಿನ ಮೂಲಕ ಅಕ್ಕಿಕಾಳಿನಷ್ಟು ಪುಟ್ಟ ಸೂರ್ಯಬಿಂಬ ಬೀಳುತ್ತದೆ. ತಗಡನ್ನು ಹಿಂದೆ ಮುಂದೆ ಸರಿಸಿದರೆ ಆ ಬಿಂಬದ ನಡುವೆ ಕಂಬಿ ತೆಳ್ಳಗಿನ ಗೆರೆಯಾಗಿ ಕಾಣುತ್ತದೆ. ಗೆರೆ ಬಿಂಬವನ್ನು ಸಮನಾಗಿ ಸೀಳಿದಾಗ ಗುರುತು ಹಾಕಿದರೆ ಸೂರ್ಯನ ನಡುಭಾಗವೇ ಸಿಕ್ಕ ಹಾಗೆ. ತನ್ನ ಅಳತೆಯನ್ನು ಜು ಚೊಂಗ್‌ಜಿ ಕಾಲದಿಂದ ಬಂದ ಒಳ್ಳೆಯ ದಾಖಲೆಗಳ ಜೊತೆ ಇಟ್ಟು ನೋಡಿದ. 365.2425 ದಿನ ಬಂತು. 1281ರಿಂದ ಅದೇ ಅಲ್ಲಿನ ಪಂಚಾಂಗ ಆಯಿತು.

ಈ ಸಂಖ್ಯೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ಗೋಡೆಯ ಇಂಗ್ಲಿಷ್ ಕ್ಯಾಲೆಂಡರಿನದ್ದು ಇದೇ ಉದ್ದ. 400 ವರ್ಷದಲ್ಲಿ 97 ಲೀಪ್ ವರ್ಷ, ಸರಾಸರಿ 365.2425. ಅದು ಬಂದದ್ದು 1582ರಲ್ಲಿ, ಮುನ್ನೂರು ವರ್ಷ ಆಮೇಲೆ, ಯುರೋಪಿನವರ ಬೇರೆಯದೇ ಕೋಷ್ಟಕಗಳಿಂದ. ಆ ವರ್ಷ ಅಕ್ಟೋಬರ್ 4ರ ಮಾರನೆಯ ದಿನವೇ ಅಕ್ಟೋಬರ್ 15 ಆಯಿತು. ಆಮೇಲೆ 1655ರಲ್ಲಿ ಕ್ಯಾಸಿನಿ ಇಟಲಿಯ ಬೊಲೋನ್ಯಾದ ಸಾನ್ ಪೆಟ್ರೋನಿಯೊ ಚರ್ಚಿನ ಚಾವಣಿಯಲ್ಲಿ, 27 ಮೀಟರ್ ಎತ್ತರದಲ್ಲಿ ತೂತು ಕೊರೆಸಿ, ನೆಲದ ಮೇಲೆ 67 ಮೀಟರ್ ಗೆರೆ ಹಾಕಿಸಿದ. ಚರ್ಚೇ ಒಂದು ದೊಡ್ಡ ಉಪಕರಣ ಆಯಿತು. ಈಸ್ಟರ್ ದಿನ ಗೊತ್ತುಮಾಡೋಕೆ ವಿಷುವ ಬೇಕಿತ್ತು, ಹಾಗಾಗಿ ಚರ್ಚಿಗೂ ಇದರ ಅಗತ್ಯ ಇತ್ತು.

ಇಲ್ಲಿಯವರೆಗೆ ಹೇಳಿದ್ದು ಋತುಗಳ ವರ್ಷ. ಸಾಯನ ವರ್ಷ ಅನ್ನುತ್ತಾರೆ. ಇನ್ನೊಂದು ವರ್ಷ ಇದೆ. ಸೂರ್ಯ ಒಂದು ನಕ್ಷತ್ರದ ಪಕ್ಕದಿಂದ ಹೊರಟು ಮತ್ತೆ ಅದೇ ನಕ್ಷತ್ರದ ಪಕ್ಕಕ್ಕೆ ಬರುವ ಕಾಲ, ನಾಕ್ಷತ್ರಿಕ ವರ್ಷ. ಎರಡೂ ಒಂದೇ ಇರಬೇಕು ಅನ್ನಿಸುತ್ತದೆ. ಇಲ್ಲ. ನಾಕ್ಷತ್ರಿಕ ವರ್ಷ 20 ನಿಮಿಷ ಉದ್ದ: 365 ದಿನ 6 ಗಂಟೆ 9 ನಿಮಿಷ 10 ಸೆಕೆಂಡು.

ಇದನ್ನು ಅಳೆಯುವುದು ಹೇಗೆ? ಸೂರ್ಯ ಇರುವಾಗ ಅವನ ಪಕ್ಕದ ನಕ್ಷತ್ರ ಕಾಣುವುದಿಲ್ಲ. ಇಲ್ಲೂ ಹಿಪಾರ್ಕಸನ ಜಾಣತನ ನೋಡಿ. ಚಂದ್ರಗ್ರಹಣ ಆಗುವಾಗ ಚಂದ್ರ ಸೂರ್ಯನಿಗೆ ನೇರ ಎದುರು ಇರುತ್ತಾನೆ. ಗ್ರಹಣದ ಚಂದ್ರನಿಂದ ನಕ್ಷತ್ರ ಎಷ್ಟು ದೂರ ಅಂತ ಅಳೆದರೆ, ಸೂರ್ಯನಿಂದ ಎಷ್ಟು ದೂರ ಅಂತಲೂ ಗೊತ್ತಾಯಿತು. ಅವನು ಆರಿಸಿಕೊಂಡದ್ದು ನಮ್ಮ ಚಿತ್ತಾ ನಕ್ಷತ್ರ. ಶರತ್ಕಾಲದ ವಿಷುವ ಬಿಂದುವಿನಿಂದ ಅದು 6 ಡಿಗ್ರಿ ದೂರ ಇತ್ತು. ಒಂದೂವರೆ ಶತಮಾನ ಹಿಂದೆ ಟಿಮೊಕಾರಿಸ್ ಅಳೆದಾಗ 8 ಡಿಗ್ರಿ. ನಕ್ಷತ್ರ ಸರಿದಿಲ್ಲ, ವಿಷುವ ಬಿಂದುವೇ ಸರಿದಿದೆ ಅನ್ನುವುದು ಅವನಿಗೆ ಹೊಳೆಯಿತು. ಭೂಮಿಯ ಅಕ್ಷ ನಿಧಾನವಾಗಿ ಸುತ್ತು ಹಾಕುತ್ತಿದೆ, ಒಂದು ಸುತ್ತಿಗೆ ಸುಮಾರು 25,800 ವರ್ಷ. ಹಾಗಾಗಿ ವಿಷುವ ಬಿಂದು ವರ್ಷವರ್ಷವೂ ಸೂರ್ಯನಿಗೆ ಎದುರಾಗಿ ಸ್ವಲ್ಪ ಮುಂದೆ ಬಂದು ನಿಂತಿರುತ್ತದೆ. ಆ ಸ್ವಲ್ಪ ದೂರ ನಡೆಯೋಕೆ ಸೂರ್ಯನಿಗೆ ಬೇಕಾಗುವ ಹೊತ್ತೇ ಆ 20 ನಿಮಿಷ. ಇಲ್ಲೂ ಹಳೆಯ ದಾಖಲೆ ಇಲ್ಲದಿದ್ದರೆ ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಜ್ಯೋತಿಷಿಗಳ ವರ್ಷ ಈ ನಾಕ್ಷತ್ರಿಕ ವರ್ಷ. ಸೂರ್ಯಸಿದ್ಧಾಂತ ಅದನ್ನು ದಶಾಂಶದಲ್ಲಿ ಹೇಳುವುದಿಲ್ಲ. 43,20,000 ವರ್ಷದ ಒಂದು ಮಹಾಯುಗದಲ್ಲಿ 1,57,79,17,828 ದಿನಗಳು ಅನ್ನುತ್ತದೆ. ಭಾಗಿಸಿ ನೋಡಿ, 365 ದಿನ 6 ಗಂಟೆ 12 ನಿಮಿಷ 36 ಸೆಕೆಂಡು ಬರುತ್ತದೆ. ನಿಜಕ್ಕಿಂತ ಮೂರೂವರೆ ನಿಮಿಷ ಜಾಸ್ತಿ. ಭಿನ್ನರಾಶಿಯ ಗೊಡವೆಯೇ ಇಲ್ಲದೆ, ಪೂರ್ಣಾಂಕಗಳಲ್ಲಿ ಇಷ್ಟು ಸೂಕ್ಷ್ಮ ಅಳತೆ ಹಿಡಿದಿಟ್ಟ ರೀತಿ ನನಗೆ ತುಂಬ ಇಷ್ಟ. ಸಮರ್ಕಂದದಲ್ಲಿ ಉಲೂಗ್ ಬೇಗ್ 15ನೇ ಶತಮಾನದಲ್ಲಿ ಇದೇ ವರ್ಷವನ್ನು ಒಂದು ನಿಮಿಷದೊಳಗಿನ ತಪ್ಪಿಗೆ ತಂದ. ಅವನ ಹತ್ತಿರ ಸುಮಾರು 40 ಮೀಟರ್ ತ್ರಿಜ್ಯದ ಕಲ್ಲಿನ ಕಮಾನು ಇತ್ತು.

ಈಗ ಇವತ್ತಿಗೆ ಬರೋಣ. ಇವತ್ತು ವರ್ಷದ ಉದ್ದ ತಿಳಿಯೋಕೆ ಯಾರೂ ವಿಷುವಕ್ಕೆ ಕಾಯುವುದಿಲ್ಲ. ಗ್ರಹಗಳಿಗೆ ರೇಡಾರ್ ಅಲೆ ಬಿಟ್ಟು ಪ್ರತಿಧ್ವನಿಯ ಹೊತ್ತು ನೋಡುತ್ತಾರೆ. ಚಂದ್ರನ ಮೇಲೆ ಇಟ್ಟು ಬಂದ ಕನ್ನಡಿಗಳಿಗೆ ಲೇಸರ್ ಹೊಡೆಯುತ್ತಾರೆ. ಬೇರೆ ಗ್ರಹಗಳನ್ನು ಸುತ್ತುವ ನೌಕೆಗಳ ದೂರ ಅಳೆಯುತ್ತಾರೆ. ಕ್ವೇಸಾರ್ ಅನ್ನುವ ಬಹುದೂರದ ಆಕಾಶಕಾಯಗಳನ್ನು ಖಂಡಾಂತರದ ರೇಡಿಯೋ ದೂರದರ್ಶಕಗಳಿಂದ ಒಟ್ಟಿಗೆ ನೋಡಿ ಭೂಮಿಯ ಅಕ್ಷ ಎತ್ತ ತಿರುಗಿದೆ ಅಂತ ಹಿಡಿಯುತ್ತಾರೆ. ಇವೆಲ್ಲವನ್ನೂ ಒಟ್ಟಿಗೆ ಹೊಂದಿಸಿ ಇಡೀ ಸೌರವ್ಯೂಹದ ಚಲನೆಯ ಲೆಕ್ಕ ಕಟ್ಟುತ್ತಾರೆ. ವರ್ಷದ ಉದ್ದ ಅದರೊಳಗಿಂದ ತಾನಾಗಿ ಹೊರಗೆ ಬರುತ್ತದೆ.

ಹಲಗೆಯ ಮೇಲಿನ ಆ 13 ನಿಮಿಷದ ಗುಟ್ಟೂ ಆ ಲೆಕ್ಕದಲ್ಲೇ ಇದೆ. ಸೂರ್ಯನನ್ನು ನಿಯಮವಾಗಿ ಸುತ್ತುವುದು ಭೂಮಿಯ ನಡುಭಾಗವಲ್ಲ, ಭೂಮಿ-ಚಂದ್ರ ಎರಡರ ಸಮತೂಕದ ಬಿಂದು. ಅದು ಭೂಮಿಯ ನಡುವಿನಿಂದ ಸುಮಾರು 4,670 ಕಿಲೋಮೀಟರ್ ದೂರ ಇದೆ. ಭೂಮಿ ಆ ಬಿಂದುವಿನ ಸುತ್ತ ತಿಂಗಳಿಗೊಮ್ಮೆ ಓಲಾಡುತ್ತದೆ. ಭೂಮಿಯ ವೇಗ ಸೆಕೆಂಡಿಗೆ 30 ಕಿಲೋಮೀಟರ್. ಹಾಗಾಗಿ ಚಂದ್ರ ಯಾವ ಕಡೆ ಇದ್ದಾನೆ ಅನ್ನುವುದರ ಮೇಲೆಯೇ ವಿಷುವ ಎರಡೂವರೆ ನಿಮಿಷ ಹಿಂದೆ ಮುಂದೆ ಆಗಬಹುದು. ಅದರ ಮೇಲೆ ಶುಕ್ರ, ಗುರುಗಳ ಎಳೆತ, ಜೊತೆಗೆ ಅಕ್ಷದ 18.6 ವರ್ಷದ ಸಣ್ಣ ಓಲಾಟ. ಇವೆಲ್ಲ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ನಾವು ಪುಸ್ತಕದಲ್ಲಿ ಓದುವ 5 ಗಂಟೆ 48 ನಿಮಿಷ 45 ಸೆಕೆಂಡು ಈ ಓಲಾಟಗಳನ್ನೆಲ್ಲ ಕಳೆದ ಸರಾಸರಿ. ಅದೂ ಶತಮಾನಕ್ಕೆ ಅರ್ಧ ಸೆಕೆಂಡಿನಷ್ಟು ಕಡಿಮೆಯಾಗುತ್ತಿದೆ.

ಇನ್ನೊಂದು ಹೇಳಲೇಬೇಕು. 1750ರಿಂದ 1892ರವರೆಗಿನ ವೀಕ್ಷಣೆಗಳನ್ನು ಕೂಡಿಸಿ ಅಮೆರಿಕದ ಸೈಮನ್ ನ್ಯೂಕೂಂಬ್ ಸೂರ್ಯನ ಕೋಷ್ಟಕಗಳನ್ನು ಮಾಡಿದರು. ಅದರಿಂದ ಬಂದ 1900ರ ವರ್ಷದ ಉದ್ದವನ್ನೇ ಇಟ್ಟುಕೊಂಡು 1956ರಲ್ಲಿ ಸೆಕೆಂಡಿಗೆ ಹೊಸ ಅರ್ಥ ಕೊಟ್ಟರು: ಆ ವರ್ಷದ 3,15,56,925.9747ನೇ ಒಂದು ಭಾಗ. ಆಮೇಲೆ ಸೀಸಿಯಂ ಪರಮಾಣು ಗಡಿಯಾರವನ್ನು ಈ ಸೆಕೆಂಡಿಗೆ ಹೋಲಿಸಿ, 919,26,31,770 ಕಂಪನ ಅಂತ ಕಂಡುಕೊಂಡರು. 1967ರಿಂದ ಅದೇ ಸೆಕೆಂಡು. ನಿಮ್ಮ ಫೋನಿನ ಸೆಕೆಂಡು ಹದಿನೆಂಟು-ಹತ್ತೊಂಬತ್ತನೇ ಶತಮಾನದವರು ಸೂರ್ಯನನ್ನು ನೋಡಿ ಬರೆದಿಟ್ಟ ಅಳತೆಗಳಿಂದ ಬಂದದ್ದು.

ಸೂರ್ಯನನ್ನು ನೋಡದೆಯೇ ವರ್ಷ ಅಳೆಯಬಹುದು, ಗೊತ್ತಾ? ಪಲ್ಸಾರ್ ಅನ್ನುವ ನಕ್ಷತ್ರಗಳಿಂದ ಗಡಿಯಾರದ ಹಾಗೆ ರೇಡಿಯೋ ಮಿಡಿತ ಬರುತ್ತದೆ. ಭೂಮಿ ಅದರ ಕಡೆಗೆ ಇರುವಾಗ ಮಿಡಿತ ಬೇಗ ತಲುಪುತ್ತದೆ, ಆರು ತಿಂಗಳ ಮೇಲೆ ಆಚೆ ಹೋದಾಗ ತಡ. ಭೂಮಿಯ ಕಕ್ಷೆಯ ಸಮತಲದಲ್ಲಿರುವ ಪಲ್ಸಾರ್ ಆದರೆ ಈ ವ್ಯತ್ಯಾಸ 16 ನಿಮಿಷಕ್ಕೂ ಜಾಸ್ತಿ. ಪುಣೆ ಹತ್ತಿರದ ದೈತ್ಯ ಮೀಟರ್‌ವೇವ್ ರೇಡಿಯೋ ದೂರದರ್ಶಕದಲ್ಲಿ ಪಲ್ಸಾರ್ ಮಿಡಿತಗಳನ್ನು ವರ್ಷಗಟ್ಟಲೆ ಎಣಿಸುತ್ತಿದ್ದಾರೆ. ಆ ಏರಿಳಿತದ ಅವಧಿಯೇ ಭೂಮಿಯ ನಾಕ್ಷತ್ರಿಕ ವರ್ಷ.

ಪ್ರಶ್ನೆಗಳು

ಹಿರಿಯರೊಬ್ಬರು ಕೇಳಿದರು: "ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿ ದಿನ ಅಂತಾರೆ. ಅವರ ಜಯಂತಿ ಮಾಡೋದು ಜನವರಿ 12ಕ್ಕೆ. ಸಂಕ್ರಾಂತಿ 14ಕ್ಕೆ ಬರುತ್ತಲ್ಲ ಸರ್?"

ಎರಡೂ ಸರಿ. 1863ರಲ್ಲಿ ಸಂಕ್ರಾಂತಿ ಜನವರಿ 12ಕ್ಕೇ ಬಂದಿತ್ತು. ನಮ್ಮ ಸಂಕ್ರಾಂತಿ ನಾಕ್ಷತ್ರಿಕ ವರ್ಷದ್ದು, 365 ದಿನ 6 ಗಂಟೆ 9 ನಿಮಿಷ. ಲೀಪ್ ವರ್ಷಗಳು 6 ಗಂಟೆಯನ್ನು ನುಂಗುತ್ತವೆ. ಉಳಿದ 9 ನಿಮಿಷ ಸೇರುತ್ತಾ ಸೇರುತ್ತಾ 160 ವರ್ಷಕ್ಕೆ ಒಂದು ದಿನ ಆಯಿತು. ಇನ್ನೊಂದು ದಿನ 1900ರದ್ದು. ಆ ವರ್ಷ ನಾಲ್ಕರಿಂದ ಭಾಗವಾದರೂ ಫೆಬ್ರವರಿ 29 ಇರಲಿಲ್ಲ. 2100ರಲ್ಲೂ ಇರುವುದಿಲ್ಲ, ಆಗ ಸಂಕ್ರಾಂತಿ ಇನ್ನೊಂದು ದಿನ ಮುಂದೆ ಹೋಗುತ್ತದೆ. ನಿಜವಾದ ಉತ್ತರಾಯಣ ಮಾತ್ರ ಡಿಸೆಂಬರ್ 21-22ಕ್ಕೇ ನಿಂತಿದೆ. ಈಗಿನ 24 ದಿನದ ಅಂತರ ಆ 20 ನಿಮಿಷಗಳು ಶತಮಾನಗಟ್ಟಲೆ ಸೇರಿ ಆದದ್ದು. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ಇದನ್ನು ನೋಡಿಯೇ ಋತುಗಳಿಗೆ ಹೊಂದುವ ರಾಷ್ಟ್ರೀಯ ಪಂಚಾಂಗ ಮಾಡಿತು. 1957ರ ಮಾರ್ಚ್ 22ರಿಂದ ಅದು ಜಾರಿಯಲ್ಲಿದೆ. ಹಬ್ಬಗಳು ಹಳೆಯ ದಾರಿಯಲ್ಲೇ ನಡೆಯುತ್ತಿವೆ. ಹಬ್ಬ ಯಾವತ್ತು ಮಾಡಬೇಕು ಅನ್ನುವುದು ಖಗೋಳದ ಪ್ರಶ್ನೆಯಲ್ಲ. ಆದರೆ ಸಂಕ್ರಾಂತಿ ದಿನ ಸೂರ್ಯ ಉತ್ತರಕ್ಕೆ ತಿರುಗುತ್ತಾನೆ ಅಂತ ಮಕ್ಕಳಿಗೆ ಹೇಳುವಾಗ, ಅವನು ತಿರುಗಿ ಮೂರು ವಾರ ಆಗಿದೆ ಅಂತಲೂ ಹೇಳಬೇಕು.

ಮೇಷ್ಟ್ರೊಬ್ಬರ ಪ್ರಶ್ನೆ: "ಇಂಗ್ಲಿಷ್ ಕ್ಯಾಲೆಂಡರನ್ನು ಮತ್ತೆ ತಿದ್ದಬೇಕಾಗುತ್ತದೆಯೇ?"

ಸರಾಸರಿ ಸಾಯನ ವರ್ಷಕ್ಕೆ ಹೋಲಿಸಿದರೆ ಅದು ವರ್ಷಕ್ಕೆ 27 ಸೆಕೆಂಡು ಉದ್ದ, ಸುಮಾರು 3,200 ವರ್ಷಕ್ಕೆ ಒಂದು ದಿನ. ವಸಂತ ವಿಷುವವನ್ನು ಮಾತ್ರ ನೋಡಿದರೆ ಹೊಂದಿಕೆ ಇನ್ನೂ ಚೆನ್ನಾಗಿದೆ. ಆದರೆ ಭೂಮಿ ತನ್ನ ಸುತ್ತ ತಿರುಗುವುದು ನಿಧಾನವಾಗುತ್ತಿದೆ, ದಿನವೇ ಉದ್ದವಾಗುತ್ತಿದೆ. ಹಾಗಾಗಿ ಅಷ್ಟು ದೂರದ ಲೆಕ್ಕಕ್ಕೆ ಈಗಲೇ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕೊನೆಗೆ ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದಳು: "ನಾವು ಮನೆಯಲ್ಲೇ ಅಳೆದರೆ ಎಷ್ಟು ಸರಿ ಬರಬಹುದು ಸರ್?"

ಒಳ್ಳೆಯ ಪ್ರಶ್ನೆ ಕಣಮ್ಮ. ಕೋಲು ಬೇಡ, ತೂತು ಮಾಡು. ಬಿಸಿಲು ಬರುವ ಕಡೆ, ನೆಲದಿಂದ ಮೂರು ಮೀಟರ್ ಎತ್ತರದಲ್ಲಿ ಸಣ್ಣ ತೂತಿರುವ ತಗಡನ್ನು ಅಲುಗಾಡದ ಹಾಗೆ ಕೂರಿಸು. ನೆಲದ ಮೇಲೆ ಮೂರು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ಅಗಲದ ಸೂರ್ಯಬಿಂಬ ಬೀಳುತ್ತದೆ. ತೂತಿನಿಂದ ಒಂದು ತೂಗುಗುಂಡು ಬಿಟ್ಟು ಅದರ ನೇರ ಕೆಳಗಿನ ಬಿಂದು ಗುರುತು ಮಾಡಿಕೋ. ಬೆಂಗಳೂರಾದರೆ ಮಾರ್ಚ್ 20ರ ಹೊತ್ತಿಗೆ ಸೂರ್ಯ ಅತಿ ಎತ್ತರಕ್ಕೆ ಬರುವುದು 12:27ರ ಸುಮಾರಿಗೆ. ಮಾರ್ಚ್ 17ರಿಂದ 24ರವರೆಗೆ ದಿನವೂ ಆ ಹೊತ್ತಿಗೆ ಬಿಂಬದ ನಡುಭಾಗಕ್ಕೆ ಗುರುತು ಹಾಕು. ದಿನಕ್ಕೆ 22 ಮಿಲಿಮೀಟರ್ ಸರಿಯುತ್ತದೆ. ನಿಮ್ಮ ಊರಿನ ಅಕ್ಷಾಂಶದಿಂದ ವಿಷುವದ ಗುರುತು ಎಲ್ಲಿರಬೇಕು ಅಂತ ಲೆಕ್ಕ ಹಾಕಬಹುದು. ಬಿಂಬ ಅದನ್ನು ದಾಟಿದ ಗಳಿಗೆ ಎರಡು ಗುರುತುಗಳ ನಡುವೆ ಸಿಗುತ್ತದೆ. ನಡುಭಾಗ ಹಿಡಿಯುವಾಗ 2 ಮಿಲಿಮೀಟರ್ ತಪ್ಪಾದರೆ ಸುಮಾರು ಎರಡು ಗಂಟೆ ತಪ್ಪು. ಮುಂದಿನ ಮಾರ್ಚಿನಲ್ಲಿ ಅದೇ ತೂತು, ಅದೇ ನೆಲ. 365ರ ಮೇಲೆ ಸುಮಾರು ಕಾಲು ದಿನ ಇದೆ ಅಂತ ಒಂದೇ ವರ್ಷದಲ್ಲಿ ಕಾಣುತ್ತದೆ. ಹತ್ತು ವರ್ಷ ಬಿಟ್ಟು ಮತ್ತೆ ಅಳೆದು ಹತ್ತರಿಂದ ಭಾಗಿಸಿದರೆ ಅರ್ಧ ಗಂಟೆಯೊಳಗಿನ ತಪ್ಪಿಗೆ ಬರಬಹುದು. ಮೋಡ ಇದ್ದು ಒಂದೆರಡು ದಿನ ತಪ್ಪಿದರೂ ಪರವಾಗಿಲ್ಲ, ಆ ದಿನದ ಮುಂದೆ ಮೋಡ ಅಂತಲೇ ಬರೆದುಕೋ.